ಜೆರಾಕ್ಸ್ ಬಿಡಿಸಿ ಅಂಗಡಿ ಲೆಕ್ಕ ಕೊಟ್ಟೆ

ತುಮಕೂರಿನಲ್ಲಿ ನನ್ನದೊಂದು ಸಣ್ಣ ಆಫೀಸಿದೆ. ಅಂಗಡಿಗಳ ಲೆಕ್ಕ ಬರೆಯೋದು, ಜಿಎಸ್‌ಟಿ, ಇನ್‌ಕಂ ಟ್ಯಾಕ್ಸ್ ರಿಟರ್ನ್ ಹಾಕೋದು, ಇಷ್ಟೇ ಕೆಲಸ. ಬಿ.ಕಾಂ ಮಕ್ಕಳು ಇಂಟರ್ನ್‌ಶಿಪ್‌ಗೆ ಅಂತ ಬರುತ್ತಾರೆ. ಮೊದಮೊದಲು ನಾನೂ ಅವರ ಕೈಲಿ ಬಿಲ್ ಜೋಡಿಸಿ, ಪಂಚ್ ಮಾಡಿಸಿ, ಜೆರಾಕ್ಸ್ ತರಿಸಿ, ಕೊನೆಗೆ ಲೆಟರ್‌ಹೆಡ್ ಮೇಲೆ ಒಂದು ಸರ್ಟಿಫಿಕೇಟ್ ಕೊಟ್ಟು ಕಳಿಸುತ್ತಿದ್ದೆ. ಕಾಲೇಜಿನವರಿಗೂ ಅಷ್ಟೇ ಸಾಕಿತ್ತು.

ಹಾಗೆ ಬಂದು ಹೋಗಿದ್ದ ಹುಡುಗನೊಬ್ಬ ಡಿಗ್ರಿ ಮುಗಿಸಿ ಕೆಲಸ ಕೇಳಿಕೊಂಡು ವಾಪಸ್ ಬಂದ. ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟು ಟ್ಯಾಲಿ ಸಾಫ್ಟ್‌ವೇರ್‌ನಲ್ಲಿರೋ ಲೆಕ್ಕದ ಜೊತೆ ತಾಳೆ ನೋಡಪ್ಪ ಅಂದೆ. ಸುಮ್ನೆ ಕೂತ. ಅವನಿಗೆ ತರಬೇತಿ ಆಗಿದೆ ಅಂತ ಸಹಿ ಹಾಕಿದ್ದವನು ನಾನೇ ಅಲ್ವಾ?

ಮೊದಲು ಬದಲಾಯಿಸಿದ್ದು ಮಕ್ಕಳು ಬಂದು ಸೇರುವ ತಾರೀಕು. ಪರೀಕ್ಷೆ ಮುಗಿದ ಮಾರನೇ ದಿನ, ಅದು 21 ಇರಲಿ 25 ಇರಲಿ, ಕಾಲೇಜಿನವರು ಮಕ್ಕಳನ್ನು ಕಳಿಸಿಬಿಡುತ್ತಿದ್ದರು. ನಮ್ಮ ಕೆಲಸ ಹಾಗಿಲ್ಲ. 7ಕ್ಕೆ ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಂಡ ತೆರಿಗೆ) ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ರಿಟರ್ನ್), 14ಕ್ಕೆ 2ಬಿ (ಮಾಲು ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ) ಬರುತ್ತದೆ, ಅದನ್ನು ಖರೀದಿ ಬಿಲ್ ಜೊತೆ ತಾಳೆ ಹಾಕಿ 20ರೊಳಗೆ 3ಬಿ (ತೆರಿಗೆ ಕಟ್ಟುವ ರಿಟರ್ನ್) ಹಾಕಬೇಕು. 1ಕ್ಕೆ ಬಂದವರಿಗೆ ಹೋದ ತಿಂಗಳ ಲೆಕ್ಕ ಮುಗಿಯೋದು ಪೂರ್ತಿ ಕಾಣುತ್ತದೆ. 21ಕ್ಕೆ ಬಂದು 10ಕ್ಕೆ ಹೋದವರು ನೋಡೋದು ಬರೀ ಬಿಲ್ಲಿನ ರಾಶಿ. ಹಾಗಾಗಿ 1ನೇ ತಾರೀಕಿಗೇ ಕಳಿಸಿ, ಇಲ್ಲ ಬೇಡ ಅಂದೆ.

ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಅಂಗಡಿ ವಹಿಸಿದೆ. ಗುಬ್ಬಿಯಿಂದ ಬಸ್ಸಲ್ಲಿ ಬರುವ ಹುಡುಗಿಯೊಬ್ಬಳಿಗೆ ಮಂಡಿಪೇಟೆಯ ಹಾರ್ಡ್‌ವೇರ್ ಪಾರ್ಟಿ ಸಿಕ್ಕಿತು. ಮೊದಲ ದಿನವೇ ಕೇಳಿದಳು, 'ಸರ್, ದುಡ್ಡು ಬಂದಿದೆ, ಬ್ಯಾಂಕಿನವರು ಕ್ರೆಡಿಟ್ ಅಂತ ಹಾಕಿದ್ದಾರೆ, ತಪ್ಪಲ್ವಾ?' ಮೂರು ವರ್ಷ ಡೆಬಿಟ್ ಕ್ರೆಡಿಟ್ ಓದಿದ ಮಗು. ನಮ್ಮ ದುಡ್ಡು ಬ್ಯಾಂಕಿಗೆ ಸಾಲ ಇದ್ದಂತೆ, ಅವರು ಬರೆಯೋದು ಅವರ ಪುಸ್ತಕದಲ್ಲಿ ಅಂತ ಸ್ಟೇಟ್‌ಮೆಂಟ್ ಮೇಲೆ ಬೆರಳಿಟ್ಟು ತೋರಿಸಿದೆ. ಎರಡು ನಿಮಿಷ ಸಾಕಾಯಿತು.

ಆಮೇಲೆ ಬ್ಯಾಂಕಿಗೂ ಟ್ಯಾಲಿಗೂ 5,400 ರೂಪಾಯಿ ವ್ಯತ್ಯಾಸ ಬಂತು, ಸಂಜೆವರೆಗೂ ಹುಡುಕಿದಳು. ನಾನು ಹೇಳಿಕೊಡಲಿಲ್ಲ, 9ರಿಂದ ಭಾಗಿಸಿ ನೋಡು ಅಂದೆ ಅಷ್ಟೇ. ಪೂರ್ತಿ ಭಾಗ ಹೋಯಿತು. ಹಾಗೆ ಹೋದರೆ ಅಂಕಿ ಹಿಂದುಮುಂದು ಆಗಿರೋದೇ ಜಾಸ್ತಿ. 12,870ರ ಚೆಕ್ಕನ್ನು 18,270 ಅಂತ ಹೊಡೆದಿದ್ದಳು. ಸಿಕ್ಕಾಗ ಅವಳ ಮುಖ ನೋಡಬೇಕಿತ್ತು.

ಇನ್ನೊಂದು ನಿಯಮ: ಗೊತ್ತಾಗದ್ದನ್ನು ಸಸ್ಪೆನ್ಸ್‌ಗೆ (ಲೆಕ್ಕ ತಿಳಿಯದ್ದನ್ನು ಸದ್ಯಕ್ಕೆ ಹಾಕಿಡುವ ಖಾತೆಗೆ) ತಳ್ಳೋ ಹಾಗಿಲ್ಲ, ಪಾರ್ಟಿಗೆ ಫೋನ್ ಮಾಡಿ ಕೇಳಬೇಕು. ಮಕ್ಕಳಿಗೆ ಟ್ಯಾಲಿಗಿಂತ ಇದೇ ಕಷ್ಟ. ಇವಳು ಅರ್ಧ ಗಂಟೆ ಫೋನ್ ಹಿಡ್ಕೊಂಡು ಕೂತು, ಕೊನೆಗೆ 'ಅಣ್ಣಾ, ಆಡಿಟರ್ ಆಫೀಸಿಂದ, 16ನೇ ತಾರೀಕು 8,500 ಫೋನ್‌ಪೇ ಮಾಡಿದ್ದೀರಲ್ಲ, ಯಾರಿಗೆ?' ಅಂದಳು. 'ಅದು ನಮ್ಮ ಹುಡುಗನ ಸ್ಕೂಲ್ ಫೀಸು ಕಣಮ್ಮ.' ಫೋನಿಟ್ಟು ನನ್ನ ಕಡೆ ತಿರುಗಿ, 'ಡ್ರಾಯಿಂಗ್ಸ್ ಅಲ್ವಾ ಸರ್?' ಅಂದಳು. ಮಾಲೀಕ ಸ್ವಂತ ಖರ್ಚಿಗೆ ತೆಗೆದ ದುಡ್ಡು ಅಂತ ಅರ್ಥ.

ಎಲ್ಲ ಸುಸೂತ್ರವಾಗಿ ನಡೆಯಿತು ಅಂತಲ್ಲ. ಒಮ್ಮೆ ಹುಡುಗನೊಬ್ಬನಿಗೆ ನೇರವಾಗಿ ಅಸಲಿ ಡೇಟಾದಲ್ಲೇ ಕೆಲಸ ಕೊಟ್ಟು, ನಾನು ನೋಡದೆ ಜಿಎಸ್‌ಟಿಆರ್-1 ಹಾಕಿಬಿಟ್ಟೆ. ಒಂದು ಬಿಲ್ ಬೇರೆಯವರ ಜಿಎಸ್‌ಟಿ ನಂಬರಿಗೆ ಹೋಗಿತ್ತು. ಮಾಲು ತಗೊಂಡವನ 2ಬಿಯಲ್ಲಿ ಬಿಲ್ಲೇ ಇಲ್ಲ, ಇಲ್ಲದಿದ್ದರೆ ಅವನು ಕೊಟ್ಟ ಜಿಎಸ್‌ಟಿ ತನ್ನ ತೆರಿಗೆಯಲ್ಲಿ ಕಳೆದುಕೊಳ್ಳೋಕಾಗಲ್ಲ, ಅವನು ನಮ್ಮ ಪಾರ್ಟಿ ಮೇಲೆ ಹಾರಾಡಿದ, ಪಾರ್ಟಿ ನನ್ನ ಮೇಲೆ. ಮುಂದಿನ ತಿಂಗಳ ರಿಟರ್ನ್‌ನಲ್ಲಿ ತಿದ್ದಿದೆವು. ತಪ್ಪು ಹುಡುಗನದ್ದಲ್ಲ, ನೋಡದೆ ಕಳಿಸಿದ್ದು ನಾನು. ಈಗ ಮೊದಲ ಹತ್ತು ದಿನ ಡೇಟಾದ ಕಾಪಿಯಲ್ಲೇ ಎಂಟ್ರಿ. ಪಾಸ್‌ವರ್ಡ್, ಓಟಿಪಿ ಯಾವತ್ತೂ ಮಕ್ಕಳ ಕೈಗಿಲ್ಲ.

ಬಸ್ಸು, ಊಟಕ್ಕೆ ಅಂತ ತಿಂಗಳಿಗೆ 3,000 ಕೊಡುತ್ತೇನೆ. ದಂಡ ಅನ್ನೋರು ಇದ್ದಾರೆ, ಇರಲಿ. ಎರಡಕ್ಕಿಂತ ಜಾಸ್ತಿ ಮಕ್ಕಳನ್ನು ಒಟ್ಟಿಗೆ ತಗೊಳ್ಳಲ್ಲ, ಪಕ್ಕದಲ್ಲಿ ಕೂತು ನೋಡೋಕೆ ನನಗಾಗಲ್ಲ.

ಮಂಡಿಪೇಟೆಯವರು ಈಗಲೂ ಫೋನ್ ಮಾಡಿದರೆ, 'ಆ ಗುಬ್ಬಿ ಹುಡುಗಿ ಇಲ್ವಾ ಸಾರ್?' ಅಂತಲೇ ಶುರು ಮಾಡುತ್ತಾರೆ.