ಒಂಟಿ ಮನೆಯ ರಾತ್ರಿಗೆ ನಾವು ಮಾಡಿಕೊಂಡ ತಯಾರಿ

ತೀರ್ಥಹಳ್ಳಿ ಕಡೆ ಅಡಿಕೆ ತೋಟದ ತಲೆಯಲ್ಲಿ ನಮ್ಮ ಮನೆ. ಪಕ್ಕದ ಮನೆ ಅಂದರೆ ಗದ್ದೆ ದಾಟಿ ಅರ್ಧ ಕಿಲೋಮೀಟರ್. ನಾನಿರುವುದು ಬೆಂಗಳೂರಲ್ಲಿ. ಅಪ್ಪಯ್ಯ, ಅಮ್ಮ ಇಬ್ಬರೇ ಅಲ್ಲಿ. ಮೂರು ವರ್ಷದ ಹಿಂದೆ, ಕೊಯ್ಲಿನ ಹೊತ್ತಲ್ಲಿ, ಹತ್ತಿರದ ಊರಿನ ಒಂಟಿ ಮನೆಗೆ ರಾತ್ರಿ ನುಗ್ಗಿದವರು ವಯಸ್ಸಾದ ಗಂಡ ಹೆಂಡತಿಯನ್ನು ಕಟ್ಟಿಹಾಕಿದರು. ಸುದ್ದಿ ಕೇಳಿದ ವಾರವೇ ರಜೆ ಹಾಕಿ ಊರಿಗೆ ಹೋದೆ.

ಮೊದಲು ಮಾಡಿದ ಕೆಲಸ, ಕತ್ತಲಾದ ಮೇಲೆ ಮನೆಯ ಸುತ್ತ ಒಂದು ಸುತ್ತು ಹಾಕಿದ್ದು. ಮುಂಬಾಗಿಲು ಹಲಸಿನ ಮರದ್ದು, ಒಳಗೆ ಅಗಳಿ ಇದೆ, ಚಿಂತೆ ಇಲ್ಲ. ಬಚ್ಚಲ ಬಾಗಿಲು ಮಾತ್ರ ಒಂದೇ ಒದೆಗೆ ಬೀಳುವಂತಿತ್ತು. ಸೂರಿಗೆ ಏಣಿ ಒರಗಿಸಿಟ್ಟಿತ್ತು. ಹಾರೆ, ಗುದ್ದಲಿ, ಕತ್ತಿ ಎಲ್ಲ ಕೊಟ್ಟಿಗೆಯಲ್ಲೇ. ಬಾಗಿಲು ಮೀಟುವ ಸಾಮಾನನ್ನು ನಾವೇ ಕೈಗೆ ಸಿಗುವ ಹಾಗೆ ಇಟ್ಟಿದ್ದೆವು! ಅವನ್ನೆಲ್ಲ ಒಳಗಿಟ್ಟು ಬೀಗ ಹಾಕಿದೆವು. ಬಚ್ಚಲಿಗೆ ಗಟ್ಟಿ ಬಾಗಿಲು, ಎರಡು ಅಗಳಿ. ಹೆಂಚು ತೆಗೆದು ಇಳಿಯದಂತೆ ಅಡುಗೆಮನೆ ಮೇಲೆ ಕಬ್ಬಿಣದ ಜಾಲರಿ. ಅಮ್ಮನ ಒಡವೆ ಬ್ಯಾಂಕ್ ಲಾಕರಿಗೆ ಹೋಯಿತು. ಒಣಗಿದ ಅಡಿಕೆಯನ್ನು ಜಗುಲಿಯಲ್ಲಿ ರಾಶಿ ಹಾಕಿಡುವುದು ನಿಂತಿತು. ಎಷ್ಟು ಚೀಲ ಆಯ್ತು ಅಂತ ಯಾರು ಕೇಳಿದರೂ ಹೇಳಬೇಡಿ ಅಂದೆ.

ಅಪ್ಪಯ್ಯನಿಗೆ ಬೆಳೆ ರಕ್ಷಣೆಯ ಕೋವಿಯ ಮೇಲೆ ಭರವಸೆ. ನನಗಿಲ್ಲ. ಚುನಾವಣೆ ಬಂದರೆ ಅದು ಠಾಣೆಗೆ ಹೋಗುತ್ತದೆ, ನಿದ್ದೆಗಣ್ಣಲ್ಲಿ ಎಪ್ಪತ್ತೆರಡರ ಕೈ ನಡುಗುತ್ತದೆ. 2024ರ ಜುಲೈ 1ರಿಂದ ಹಳೆಯ ಐಪಿಸಿ ಬದಲಿಗೆ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಜೀವ, ಮನೆ ಕಾಪಾಡಿಕೊಳ್ಳುವ ಹಕ್ಕು ಇದೆ. ಆದರೆ ಅಗತ್ಯಕ್ಕಿಂತ ಜಾಸ್ತಿ ಹಾನಿ ಮಾಡುವ ಹಾಗಿಲ್ಲ. ಬಾಗಿಲಿಗೆ ಕರೆಂಟ್ ತಂತಿ ಕಟ್ಟುವ ಯೋಚನೆಯನ್ನಂತೂ ದಯವಿಟ್ಟು ಯಾರೂ ಮಾಡಬೇಡಿ. ಬೆಳಿಗ್ಗೆ ಮೊದಲು ಅದನ್ನು ಮುಟ್ಟುವುದು ಕೆಲಸದವರೋ ಮಕ್ಕಳೋ ಆಗಿರುತ್ತಾರೆ.

ನಮ್ಮ ಕ್ರಮ ಇಷ್ಟೇ. ರಾತ್ರಿ ಯಾರೇ ಕೂಗಿದರೂ, ಕುಡಿಯಲು ನೀರು ಕೇಳಿದರೂ, ಬಾಗಿಲು ತೆಗೆಯುವುದಿಲ್ಲ. ಮಾತು ಕಿಟಕಿಯಿಂದ ಮಾತ್ರ. ಹಿತ್ತಲಲ್ಲಿ ಸದ್ದಾದರೆ ಟಾರ್ಚ್ ಹಿಡಿದು ಹೊರಗೆ ಹೋಗುವುದಿಲ್ಲ. ನುಗ್ಗುತ್ತಿದ್ದಾರೆ ಅನಿಸಿದರೆ ಇಬ್ಬರೂ ನಡುಮನೆಯ ಕೋಣೆ ಸೇರಿ ಅಗಳಿ ಹಾಕಬೇಕು. ಫೋನು, ಟಾರ್ಚು, ಬಿಪಿ ಮಾತ್ರೆ ಅಲ್ಲೇ ಇವೆ. ತುರ್ತು ಸಹಾಯದ ನಂಬರ್ 112 ಅಂತ ಗೋಡೆ ಮೇಲೆ ದೊಡ್ಡದಾಗಿ ಬರೆದಿದೆ. ಎದುರಿಗೇ ಬಂದುಬಿಟ್ಟರೆ ಕೇಳಿದ್ದನ್ನು ಕೊಟ್ಟುಬಿಡಿ, ಸೆಣಸಬೇಡಿ ಅಂತ ಅಮ್ಮನ ಕೈ ಹಿಡಿದು ಹೇಳಿದೆ.

ಆದರೆ ನಮ್ಮಲ್ಲಿ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ ಅಲ್ವಾ? ದೇವರ ಕೋಣೆಯ ಜಾಗಟೆಯನ್ನು ಮಂಚದ ಬಳಿ ಇಟ್ಟೆವು. ಅಪರಾತ್ರಿ ಜಾಗಟೆ ಕೇಳಿದರೆ ಗದ್ದೆಯಾಚೆಯವರು ಪೊಲೀಸರಿಗೆ ಫೋನ್ ಮಾಡಿ, ನಾಲ್ಕೈದು ಜನ ಸೇರಿಸಿಕೊಂಡು ಬರಬೇಕು ಅಂತ ಮಾತಾಯಿತು. ಬೇಸಿಗೆಯಲ್ಲಿ ಬಾರಿಸಿ ನೋಡಿದಾಗ ಚೆನ್ನಾಗಿ ಕೇಳಿತು. ಆಷಾಢದಲ್ಲಿ ಬಾರಿಸಿದರೆ, ಹೆಂಚಿನ ಮೇಲೆ ಸುರಿಯುವ ಮಳೆಯ ಸದ್ದಲ್ಲಿ ಅವರಿಗೆ ಏನೂ ಕೇಳಿಸಲಿಲ್ಲ. ಒಣ ದಿನದ ಪರೀಕ್ಷೆ ನಂಬಿ ಕೂತಿದ್ದೆವಲ್ಲ ಅಂತ ಎದೆ ಧಸಕ್ಕೆಂದಿತು. ಬ್ಯಾಟರಿಯಲ್ಲಿ ನಡೆಯುವ ಸೈರನ್ ತಂದು ಸೂರಿನಡಿ ಕಟ್ಟಿದೆ, ಜೊತೆಗೆ ಅವರ ಮನೆ ಕಡೆ ಮುಖ ಮಾಡಿದ ಕೆಂಪು ದೀಪ. ಸ್ವಿಚ್ ಮಂಚದ ಕಾಲಿನ ಬಳಿ, ಅಮ್ಮ ಮಲಗಿದಲ್ಲಿಂದಲೇ ಕೈಗೆ ಸಿಗುವಂತೆ.

ಮುಂದಿನ ವಾರ, ಜಡಿಮಳೆಯ ರಾತ್ರಿ, ಅಮ್ಮ ಅದನ್ನು ಒತ್ತಿ ನೋಡಿದರು. ಸ್ವಲ್ಪ ಹೊತ್ತಿಗೆ ಗದ್ದೆಯಾಚೆ ಜಗುಲಿಯ ದೀಪ ಹೊತ್ತಿತು.