ಮಗನಿಗೂ ಅತ್ತೆಗೂ ಒಟ್ಟಿಗೇ ನೆಗಡಿ

ಧನುರ್ಮಾಸ ಬಂದರೆ ಮಂಡ್ಯದ ನಮ್ಮ ಮನೆಯಲ್ಲಿ ಯಾರಾದರೊಬ್ಬರು ಸೀನುತ್ತಿರುತ್ತಾರೆ. ಕಳೆದ ಸಲ ಮೂರು ವರ್ಷದ ಮಗನಿಗೆ ಮೂಗು ಸೋರಲು ಶುರುವಾಯಿತು. ಅವನ ಹಿಂದೆಯೇ ಅತ್ತೆಗೆ ಚಳಿಜ್ವರ, ಮೈಕೈ ನೋವು.

ನೆಗಡಿ ವೈರಸ್‌ನಿಂದ ಬರುವಂಥದ್ದು. ಅದಕ್ಕೆ ಆಂಟಿಬಯೋಟಿಕ್ ನಾಟುವುದಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಸುಮ್ನೆ ಕೇಳಿ ತಂದು ನುಂಗುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ವಾರ, ಹತ್ತು ದಿನದಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಅಲ್ಲಿವರೆಗೆ ಹೊಟ್ಟೆಗೆ ನೀರು, ಕಣ್ಣಿಗೆ ನಿದ್ದೆ ಸಿಗಬೇಕು.

ಅತ್ತೆಗೆ ಮೆತ್ತಗಿನ ಅನ್ನ, ಮೆಣಸಿನ ಸಾರು. ಶುಂಠಿ ಜಜ್ಜಿ, ದೊಡ್ಡಪತ್ರೆ ಎಲೆ ಹಾಕಿ ಕುದಿಸಿದ ಕಷಾಯ. ಇದರಿಂದ ವೈರಸ್ ಸಾಯುವುದಿಲ್ಲ, ಆದರೆ ಗಂಟಲಿಗೆ ಹಿತ. ನೀರು ಬೇಡ ಅನ್ನುವವರೂ ಕಷಾಯ ಕುಡಿಯುತ್ತಾರೆ, ಅಲ್ವಾ? ಜ್ವರಕ್ಕೆ ಪ್ಯಾರಾಸಿಟಮಾಲ್ 500, ಆರು ಗಂಟೆಗೊಮ್ಮೆ. ಪಕ್ಕದ ಮನೆಯವರು ಕೊಟ್ಟ ನೆಗಡಿ ಮಾತ್ರೆಯನ್ನೂ ಅವರು ಕೈಗೆತ್ತಿಕೊಂಡಿದ್ದರು. ಹಾಳೆ ತಿರುಗಿಸಿ ಓದಿದೆ. "ಇದರಲ್ಲೂ ಪ್ಯಾರಾಸಿಟಮಾಲೇ ಇದೆ ಅತ್ತೆ, ಎರಡನ್ನೂ ಒಟ್ಟಿಗೆ ತಗೋಬೇಡಿ" ಅಂದೆ. ಡೋಸ್ ಜಾಸ್ತಿಯಾದರೆ ಲಿವರ್‌ಗೆ ಪೆಟ್ಟು.

ಮಗನಿಗೆ ನೆಗಡಿ ಸಿರಪ್ ಹಾಕಲಿಲ್ಲ. ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಎರಡೂ ಬೆರೆತ ಸಿರಪ್ಪನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲೇ ಹೇಳಿದ್ದಾರೆ. ಮೂಗಿಗೆ ಸಲೈನ್ ಡ್ರಾಪ್ಸ್, ಮಲಗುವ ಮುಂಚೆ ಅರ್ಧ ಚಮಚ ಜೇನುತುಪ್ಪ, ಅಷ್ಟೇ. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಲೇಬಾರದು. ಅತ್ತೆ "ಹಬೆ ಹಿಡಿಸವ್ವ" ಅಂದರು. ಕುದಿಯುವ ನೀರಿನ ಪಾತ್ರೆಯ ಮುಂದೆ ಆ ವಯಸ್ಸಿನ ಮಗುವನ್ನು ಕೂರಿಸಲು ನನಗೆ ಧೈರ್ಯವಿಲ್ಲ. ಚೆಲ್ಲಿದರೆ ಮೈಯೆಲ್ಲ ಸುಟ್ಟುಹೋಗುತ್ತದೆ.

ಮಗ ನಿದ್ದೆ ಹೋದ ಮೇಲೆ ಅಂಗಿ ಮೇಲೆತ್ತಿ, ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಹೊಟ್ಟೆ ಏರಿಳಿಯುವುದನ್ನು ಎಣಿಸುತ್ತಿದ್ದೆ. ಒಂದರಿಂದ ಐದು ವರ್ಷದ ಮಕ್ಕಳಲ್ಲಿ ಅದು 40 ಮುಟ್ಟಿದರೆ ಉಸಿರು ಜೋರಾಗಿದೆ ಅಂತಲೇ ಲೆಕ್ಕ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತದಾ ಅಂತಲೂ ನೋಡಬೇಕು. ಎರಡರಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಇವನಿಗೆ ಹಾಗಾಗಲಿಲ್ಲ.

ಅತ್ತೆಗೆ ಶುಗರ್ ಇದೆ, ಹಾಗಾಗಿ ಬರೀ ನೆಗಡಿ ಅಂತ ಸುಮ್ಮನಿರುವಂತಿರಲಿಲ್ಲ. ಫ್ಲೂ ಆಗಿದ್ದರೆ ಆ ವೈರಸ್ಸನ್ನು ತಡೆಯುವ ಒಸೆಲ್ಟಾಮಿವಿರ್ ಮಾತ್ರೆ ಮೊದಲ 48 ಗಂಟೆಯೊಳಗೆ ಶುರು ಮಾಡಿದರೇ ಹೆಚ್ಚು ಉಪಯೋಗ. ಅದಕ್ಕೇ ಮಾರನೆಯ ಬೆಳಗ್ಗೆಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಎದೆ ನೋಡಿ, ಅದೇ ಮಾತ್ರೆ ಬರೆದುಕೊಟ್ಟರು.