100 ಬೈಟಿನ ಮೆನು

ಚೌಕಾಬಾರವನ್ನು ಝಡ್‌ಎಕ್ಸ್ ಸ್ಪೆಕ್ಟ್ರಮ್‌ಗೆ ಬರೆಯಬೇಕು ಅನ್ನುವ ಹುಚ್ಚು ಹತ್ತಿದ್ದು ಹೋದ ವರ್ಷದ ಮಳೆಗಾಲದಲ್ಲಿ. ಆಟ ಇನ್ನೂ ಮುಗಿದಿಲ್ಲ. ಆಟಕ್ಕೆ ಮುಂಚೆ ಬರುವ ಮೆನು ಮಾತ್ರ ಮುಗಿದಿದೆ. ಹೊಸ ಆಟ, ಎಷ್ಟು ಜನ, ಸೂಚನೆ, ಇಷ್ಟನ್ನು ತೋರಿಸಿ, ಆರಿಸಿದ್ದರ ಸಂಖ್ಯೆ ಹೇಳುವುದಷ್ಟೇ ಅದರ ಕೆಲಸ. ಅದಕ್ಕೆ ನನಗೆ ಎರಡು ತಿಂಗಳ ರಾತ್ರಿಗಳು ಬೇಕಾದವು.

ಸ್ಪೆಕ್ಟ್ರಮ್ 1982ರಲ್ಲಿ ಇಂಗ್ಲೆಂಡಿನ ಸಿಂಕ್ಲೇರ್ ಕಂಪನಿ ತಂದ ರಬ್ಬರ್ ಕೀಗಳ ಕಂಪ್ಯೂಟರ್. ಒಳಗೆ 3.5 ಮೆಗಾಹರ್ಟ್ಸ್‌ನ ಝಡ್80 ಚಿಪ್, 16ಕೆ ರೋಮ್, ಅಂದರೆ ಕಂಪನಿಯೇ ಬರೆದು ಅಳಿಸಲಾಗದಂತೆ ಇಟ್ಟ ಕೋಡ್. ಕೆ ಎಂದರೆ 1024 ಬೈಟ್. ರ್‍ಯಾಮ್ (ನಮ್ಮ ಕೋಡ್ ಕೂರುವ ಜಾಗ) 48ಕೆ ಇದ್ದದ್ದೂ ಇತ್ತು, ಬರೀ 16ಕೆ ಇದ್ದದ್ದೂ ಇತ್ತು. ನನ್ನ ಆಟ ಆ ಚಿಕ್ಕದರಲ್ಲೇ ಓಡಬೇಕು ಅಂತ ಹಠ. ಅದರಲ್ಲಿ ಪರದೆಯೇ 6912 ಬೈಟ್ ತಿನ್ನುತ್ತದೆ. ಉಳಿಯುವುದು ಸುಮಾರು 9ಕೆ. ನನ್ನ ಬಳಿ ನಿಜವಾದ ಯಂತ್ರವಿಲ್ಲ. ಆ ಯಂತ್ರವನ್ನು ನಕಲು ಮಾಡುವ ಫ್ಯೂಸ್ ಎಮ್ಯುಲೇಟರ್, ಬರೆದ ಆಜ್ಞೆಗಳನ್ನು ಚಿಪ್ಪಿಗೆ ತಿಳಿಯುವ ಸಂಖ್ಯೆಗಳಾಗಿಸುವ ಪಾಸ್ಮೊ ಅಸೆಂಬ್ಲರ್, ಒಂದು ಹಳೆಯ ಲ್ಯಾಪ್‌ಟಾಪ್, ಇಷ್ಟೇ ಸಲಕರಣೆ.

ಝಡ್80 ನನಗೆ ಹೊಸದು. ಆದರೆ ಪಾಲಿಟೆಕ್ನಿಕ್‌ನಲ್ಲಿ 8085 ಚಿಪ್ಪಿನ ಕಿಟ್ ಮೇಲೆ ಹೆಕ್ಸ್ ಸಂಖ್ಯೆಗಳನ್ನು ಕುಟ್ಟಿದವರಿಗೆ ಇದು ದೂರದ ನೆಂಟನಲ್ಲ. ಎರಡೂ ಹಳೆಯ 8080 ಚಿಪ್ಪಿನ ಮನೆಯವೇ. ಆಜ್ಞೆಗಳ ಹೆಸರು ಮಾತ್ರ ಬೇರೆ. ಡಿಇ, ಎಚ್‌ಎಲ್ ಅನ್ನುವವು ರಿಜಿಸ್ಟರುಗಳು, ಚಿಪ್ಪಿನೊಳಗೆ ಸಂಖ್ಯೆ ಇಡುವ ಜಾಗಗಳು. ನಮ್ಮ 'ಎಕ್ಸ್‌ಸಿಎಚ್‌ಜಿ' ಇಲ್ಲಿ 'ಇಎಕ್ಸ್ ಡಿಇ, ಎಚ್‌ಎಲ್'. ನಮ್ಮ 'ಪಿಸಿಎಚ್‌ಎಲ್' ಇಲ್ಲಿ 'ಜೆಪಿ' ಬರೆದು ಆವರಣದೊಳಗೆ ಎಚ್‌ಎಲ್. ಈ ಆವರಣವೇ ನನ್ನನ್ನು ಕೆಡವಿದ್ದು. ಝಡ್80ರಲ್ಲಿ ಸಾಮಾನ್ಯವಾಗಿ ಆವರಣ ಎಂದರೆ 'ಆ ವಿಳಾಸದಲ್ಲಿ ಇರುವುದು' ಎಂದರ್ಥ. ಇಲ್ಲಿ ಹಾಗಲ್ಲ. ಎಚ್‌ಎಲ್‌ನಲ್ಲಿ ಏನಿದೆಯೋ ನೇರ ಅಲ್ಲಿಗೇ ಜಿಗಿಯುತ್ತದೆ. ನಾನು ಎಚ್‌ಎಲ್‌ನಲ್ಲಿ ವಿಳಾಸಗಳ ಪಟ್ಟಿಯ ಜಾಗ ಇಟ್ಟಿದ್ದೆ. ಚಿಪ್ಪು ಹೋಗಿ ಪಟ್ಟಿಯನ್ನೇ ಕೋಡ್ ಎಂದುಕೊಂಡು ಓಡಿಸಿತು. ಪರದೆ ಕಪ್ಪಾಗಿ, ಬೆಳ್ಳಗಾಗಿ, ಕೆಳಗೆ ಸಿಂಕ್ಲೇರ್ ಕಂಪನಿಯ 1982ರ ಕಾಪಿರೈಟ್ ಸಾಲು ಬಂತು. ಅಂದರೆ ಯಂತ್ರ ಮೊದಲಿನಿಂದ ಶುರುವಾಗಿದೆ. ಆ ಸಾಲನ್ನು ಆಮೇಲೆ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. 'ಪಿಸಿಎಚ್‌ಎಲ್' ಅನ್ನುವ ಹೆಸರೇ ಚೆನ್ನಾಗಿತ್ತು, ಅಲ್ವಾ?

ಮೊದಲ ಆವೃತ್ತಿ 412 ಬೈಟ್ ಆಯಿತು. ಹಗಲು ನಾನು ಬರೆಯುವುದು ಜಾವಾ. ಆ ಚಾಳಿ ಎಲ್ಲಿ ಹೋಗುತ್ತದೆ? ಪ್ರತಿ ಮೆನುವಿಗೂ ಒಂದು ದೊಡ್ಡ ರಚನೆ ಮಾಡಿದ್ದೆ. ಅದರಲ್ಲಿ ಜಾಗ, ಅಗಲ, ಬಣ್ಣ, ಪ್ರತಿ ಸಾಲಿನ ಪಠ್ಯದ ವಿಳಾಸ, ಆರಿಸಿದರೆ ಓಡಬೇಕಾದ ಕೋಡಿನ ವಿಳಾಸ, ಎಲ್ಲ ಇತ್ತು. ಅದನ್ನು ಓದಲು ಐಎಕ್ಸ್ ರಿಜಿಸ್ಟರು. ಸದ್ಯದ ಸಾಲಿನ ಪಠ್ಯಕ್ಕೆ ಐವೈ. ಓದಲು ಏನೋ ಅಚ್ಚುಕಟ್ಟಾಗಿತ್ತು. ಆದರೆ ಎಚ್‌ಎಲ್ ಮೂಲಕ ಒಂದು ಬೈಟ್ ಓದಲು 1 ಬೈಟಿನ ಆಜ್ಞೆ ಸಾಕು. ಐಎಕ್ಸ್ ಮೂಲಕ ಓದಲು 3 ಬೈಟ್ ಬೇಕು.

ಐವೈ ಬಳಸಿದ್ದಕ್ಕೆ ಇನ್ನೊಂದು ಶಿಕ್ಷೆಯೂ ಸಿಕ್ಕಿತು. ಕೀ ಒತ್ತಿದಾಗಲೆಲ್ಲ ಮೆನುವಿನ ಸಾಲುಗಳಲ್ಲಿ ಎರಡನೇ ಅಕ್ಷರ ದೊಡ್ಡದಿದ್ದದ್ದು ಚಿಕ್ಕದಾಗುತ್ತಿತ್ತು. ಇಂಗ್ಲಿಷಿನ 'ಪ್ಲೇ' ಎಲ್ಲ ದೊಡ್ಡಕ್ಷರದಲ್ಲಿ ಬರೆದಿದ್ದೆ. ಅದರ 'ಎಲ್' ಮಾತ್ರ ಚಿಕ್ಕಕ್ಷರವಾಗಿ ಕೂತಿತ್ತು. ಮೂರು ರಾತ್ರಿ ನನ್ನ ಮುದ್ರಿಸುವ ಕೋಡನ್ನೇ ಜಾಲಾಡಿದೆ. ತಪ್ಪು ಅಲ್ಲಿರಲೇ ಇಲ್ಲ. ಸ್ಪೆಕ್ಟ್ರಮ್‌ನ ರೋಮ್ ಐವೈಯಲ್ಲಿ ಯಾವಾಗಲೂ 23610 ಇರುತ್ತದೆ ಎಂದು ನಂಬಿಕೊಂಡಿದೆ. ಸೆಕೆಂಡಿಗೆ 50 ಸಲ ಇಂಟರಪ್ಟ್ (ನಡೆಯುತ್ತಿರುವ ಕೆಲಸವನ್ನು ತಡೆಯುವ ಕರೆ) ಬಂದು ಕೀಬೋರ್ಡ್ ನೋಡುತ್ತದೆ. ಹೊಸ ಕೀ ಸಿಕ್ಕರೆ ಐವೈಯಿಂದ ಒಂದು ಬೈಟ್ ಮುಂದಿರುವ ಜಾಗದಲ್ಲಿ 5ನೇ ಬಿಟ್ ಹೊತ್ತಿಸುತ್ತದೆ, ಅಂದರೆ 1 ಮಾಡುತ್ತದೆ. (ಬೈಟಿನ 8 ಬಿಟ್ಟುಗಳನ್ನು 0ರಿಂದ 7ರವರೆಗೆ ಎಣಿಸುತ್ತಾರೆ.) ಐವೈ ನನ್ನ ಪಠ್ಯವನ್ನು ತೋರಿಸುತ್ತಿದ್ದರೆ ಆ ಜಾಗ ಎರಡನೇ ಅಕ್ಷರ. ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರಕ್ಕೆ ಇರುವ ವ್ಯತ್ಯಾಸವೂ ಅದೇ 5ನೇ ಬಿಟ್! ಗೊತ್ತಾದಾಗ ಸಿಟ್ಟು ಬರಲಿಲ್ಲ, ಜೋರಾಗಿ ನಗು ಬಂತು. ಮನೆಯವರು ಎದ್ದು ಬಂದು ಏನಾಯ್ತು ಎಂದು ಕೇಳಿದರು.

ಅಲ್ಲಿಗೆ ರಚನೆ, ಐಎಕ್ಸ್, ಐವೈ ಎಲ್ಲ ಬಿಸಾಕಿದೆ. ಓಡಬೇಕಾದ ಕೋಡಿನ ವಿಳಾಸಗಳನ್ನೂ ತೆಗೆದೆ. ಮೆನು ಬರೀ ಸಂಖ್ಯೆ ಕೊಡಲಿ, ಮುಂದಿನದು ಕರೆದವರ ಪಾಡು.

ಆರಿಸುವ ಸಾಲನ್ನು ಎತ್ತಿ ತೋರಿಸುವ ಬಣ್ಣದ ಪಟ್ಟಿಯನ್ನು ಮೇಲೆ ಕೆಳಗೆ ಸರಿಸುವ ಭಾಗ ನನಗೆ ಎಲ್ಲಕ್ಕಿಂತ ಇಷ್ಟ. ಸ್ಪೆಕ್ಟ್ರಮ್‌ನಲ್ಲಿ ಚುಕ್ಕೆಗಳು ಬೇರೆ, ಬಣ್ಣ ಬೇರೆ. ಒಂದು ಅಕ್ಷರದ ಜಾಗಕ್ಕೆ ಬಣ್ಣದ ಒಂದೇ ಬೈಟ್. ಇವು 22528ರಿಂದ ಶುರು, ಸಾಲಿಗೆ 32. ಬೈಟಿನ ಕೆಳಗಿನ 3 ಬಿಟ್ ಶಾಯಿ (ಅಕ್ಷರದ ಬಣ್ಣ), ಮುಂದಿನ 3 ಬಿಟ್ ಕಾಗದ (ಹಿನ್ನೆಲೆಯ ಬಣ್ಣ). ಬಿಳಿ ಕಾಗದಕ್ಕೆ ಕಪ್ಪು ಶಾಯಿ ಎಂದರೆ 56. ಕಪ್ಪು ಕಾಗದಕ್ಕೆ ಬಿಳಿ ಶಾಯಿ ಎಂದರೆ 7. 56ನ್ನು 63ರ ಜೊತೆ ಎಕ್ಸಾರ್ ಮಾಡಿದರೆ, ಅಂದರೆ ಆ 6 ಬಿಟ್ಟುಗಳನ್ನೂ ತಿರುಗಿಸಿದರೆ, 7. ಮತ್ತೆ ಮಾಡಿದರೆ 56. ಹಾಗಾಗಿ ಪಟ್ಟಿ ಬರೆಯುವುದಕ್ಕೂ ಅಳಿಸುವುದಕ್ಕೂ ಒಂದೇ ರೂಟೀನ್ (ಬೇಕಾದಾಗ ಕರೆಯುವ ಕೋಡಿನ ತುಂಡು), 14 ಬೈಟ್. ಅಕ್ಷರಗಳನ್ನು ಮತ್ತೆ ಬರೆಯುವ ಮಾತೇ ಇಲ್ಲ. ಸಾಲಿನ ವಿಳಾಸವನ್ನೂ ಗುಣಾಕಾರ ಮಾಡಿ ಹುಡುಕುವುದಿಲ್ಲ. ಎಚ್‌ಎಲ್ ಈಗಿನ ಸಾಲಿನಲ್ಲೇ ನಿಂತಿರುತ್ತದೆ, ಕೆಳಗೆ ಹೋಗಲು 32 ಕೂಡಿಸಿದರೆ ಆಯಿತು.

ಇದರಲ್ಲಿ ಒಂದು ಹುಳುಕು ಇದೆ. ಹಳದಿ ಕಾಗದಕ್ಕೆ ಕೆಂಪು ಶಾಯಿ ಹಾಕಿದರೆ ಪಟ್ಟಿ ನೀಲಿ ಕಾಗದಕ್ಕೆ ತಿಳಿನೀಲಿ ಶಾಯಿಯಾಗಿ ಬರುತ್ತದೆ. ನಮ್ಮ ಕನ್ನಡ ಬಾವುಟದ ಬಣ್ಣದಲ್ಲಿ ಮೆನು ಮಾಡುವ ಆಸೆ ಅಲ್ಲಿಗೇ ಬಿತ್ತು. ಕಪ್ಪು ಬಿಳುಪಿನಲ್ಲೇ ಇದ್ದೇನೆ.

ಕೀ ಓದಲು ಮೊದಲು ರೋಮ್ ಕೊಡುವ ಕೋಡುಗಳನ್ನೇ ನೋಡುತ್ತಿದ್ದೆ. ಆಮೇಲೆ ಕೀಬೋರ್ಡಿನ ನಕ್ಷೆ ಹರಡಿಕೊಂಡು ಕೂತೆ. 40 ಕೀಗಳು ಐದೈದರಂತೆ 8 ಅರ್ಧಸಾಲು. ಪ್ರತಿ ಅರ್ಧಸಾಲಿನ ಹೊರತುದಿಯ ಕೀ 0ನೇ ಬಿಟ್. ಮೇಲೆ ಹೋಗಲು ಕ್ಯೂ, ಕೆಳಗೆ ಎ, ಆರಿಸಲು ಎಂಟರ್. ಮೂರೂ ಹೊರತುದಿಯವೇ! ಹಾಗಾಗಿ ಕೀಬೋರ್ಡಿನ ಪೋರ್ಟ್ ಓದಿ, 'ಆರ್‌ಆರ್‌ಎ' ಒಂದು ಸಲ ಉರುಳಿಸಿದರೆ ಆ ಬಿಟ್ ಚಿಪ್ಪಿನ ಕ್ಯಾರಿ ಅನ್ನುವ ಗುರುತಿಗೆ ಬೀಳುತ್ತದೆ. ಒತ್ತಿದ್ದರೆ 0. ಕೀಗೆ 7 ಬೈಟ್, ಮೂರಕ್ಕೆ 21. ಅವೇ ಕೀಗಳನ್ನು ಆಗಿನ ಎಷ್ಟೋ ಆಟಗಳು ಬಳಸುತ್ತಿದ್ದವು. ಕೈಗೆ ಅನುಕೂಲ ಅಂತ ಅಂದುಕೊಂಡಿದ್ದೆ. ಕೋಡಿಗೂ ಅನುಕೂಲ.

ಇನ್ನು ಪಠ್ಯ. ರೋಮ್‌ನಲ್ಲಿ 3082ನೇ ವಿಳಾಸದಲ್ಲಿ ಒಂದು ರೂಟೀನ್ ಇದೆ. ಸಂದೇಶಗಳ ಪಟ್ಟಿಯ ವಿಳಾಸವನ್ನೂ ಎಷ್ಟನೇ ಸಂದೇಶ ಅನ್ನುವುದನ್ನೂ ಕೊಟ್ಟರೆ ಹುಡುಕಿ ಮುದ್ರಿಸುತ್ತದೆ. ಯಂತ್ರದ ಸ್ವಂತ ಎರರ್ ಸಂದೇಶಗಳು ಬರುವುದೂ ಹಾಗೆಯೇ. ಸಂದೇಶ ಮುಗಿಯಿತು ಎಂದು ತಿಳಿಯಲು ಕೊನೆಯ ಅಕ್ಷರದ 7ನೇ ಬಿಟ್ ಹೊತ್ತಿಸಿಟ್ಟಿರಬೇಕು. ಪುಕ್ಕಟೆ ಸಿಕ್ಕಿತಲ್ಲ ಎಂದು ಅದನ್ನೇ ಕರೆದೆ. 160 ಬೈಟಿಗೆ ಇಳಿಯಿತು. ಸಾಕು ಎಂದುಕೊಂಡೆ.

ಆಮೇಲೆ ಮೇಲ್ಗಡೆ 'ಚೌಕಾಬಾರ' ಅಂತ ಕನ್ನಡದಲ್ಲಿ ಬರಲಿ ಎನಿಸಿತು. ಸ್ಪೆಕ್ಟ್ರಮ್ ನಮ್ಮದೇ ಆಕಾರ ಬಿಡಿಸಿಕೊಳ್ಳಲು 21 ಅಕ್ಷರಗಳನ್ನು ಬಿಟ್ಟುಕೊಡುತ್ತದೆ. ಪ್ರತಿಯೊಂದೂ 8ಕ್ಕೆ 8 ಚುಕ್ಕೆ. ಅಷ್ಟರಲ್ಲಿ 'ಚೌ' ಕೂರುವುದಿಲ್ಲ, ತಲೆಯ ಮೇಲಿನ ಸುರುಳಿಗೇ ಅರ್ಧ ಜಾಗ ಬೇಕು. ಅಕ್ಷರಕ್ಕೆ ನಾಲ್ಕು ಜಾಗದಂತೆ ಚೌ, ಕಾ, ಬಾ, ರ ಸೇರಿ 16. ಚೌಕುಳಿ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬಿಡಿಸಿ, ರಬ್ಬರ್ ಸವೆಸಿ, ಒಂದು ಭಾನುವಾರ ಪೂರ್ತಿ ಹೋಯಿತು. ಓಡಿಸಿದರೆ ಪರದೆಯ ಕೆಳಗೆ 'ಇನ್‌ವ್ಯಾಲಿಡ್ ಕಲರ್' ಅಂತ ಬಂತು. ನಾನು ಬಣ್ಣವನ್ನು ಮುಟ್ಟಿಯೇ ಇರಲಿಲ್ಲ.

ಕಾರಣ ಸರಳ. ಆ 21 ಅಕ್ಷರಗಳ ಕೋಡು 144ರಿಂದ ಶುರು. ಅಂದರೆ 7ನೇ ಬಿಟ್ ಹೊತ್ತಿಯೇ ಇದೆ. 'ಚೌ'ನ ಮೊದಲ ತುಂಡು ಕಂಡ ಕೂಡಲೇ ರೋಮ್ ಸಂದೇಶ ಮುಗಿಯಿತು ಎಂದುಕೊಂಡಿತು. ಆ ಬಿಟ್ ಕಿತ್ತು ಮುದ್ರಿಸಿತು. 144ರಲ್ಲಿ 128 ಹೋದರೆ 16. ಅದು 'ಶಾಯಿ ಬದಲಿಸು' ಅನ್ನುವ ಸಂಜ್ಞೆ. ಮುಂದಿನ ಬೈಟ್ ಬಣ್ಣದ ಸಂಖ್ಯೆ ಎಂದು ಕಾದು ಕೂತಿತು. ಬಂದದ್ದು ಮುಂದಿನ ಸಾಲಿನ ಜಾಗ ಹೇಳುವ 22. 22ನೇ ಬಣ್ಣ ಎಲ್ಲಿಂದ ತರುವುದು?

3082 ಬಿಟ್ಟು ಬೇರೆ ದಾರಿ ಹುಡುಕಿದಾಗ ಸಿಕ್ಕಿದ್ದು 8252. ಇದು ಇನ್ನೂ ಬಡಪಾಯಿ ರೂಟೀನ್. ಡಿಇಯಲ್ಲಿ ವಿಳಾಸ, ಬಿಸಿ ಅನ್ನುವ ರಿಜಿಸ್ಟರಿನಲ್ಲಿ ಉದ್ದ. ಅಷ್ಟು ಬೈಟ್ ಸುಮ್ನೆ ಮುದ್ರಿಸುತ್ತದೆ, ಕೊನೆಯ ಗುರುತು ಬೇಡ. ಶೀರ್ಷಿಕೆ, ಸಾಲುಗಳು, ಅವುಗಳ ಜಾಗದ ಸಂಜ್ಞೆಗಳು, ಎಲ್ಲವನ್ನೂ ಒಂದೇ ಉದ್ದನೆಯ ಸರವಾಗಿ ಪೋಣಿಸಿದೆ. ಸಾಲು ಸಾಲಾಗಿ ತಿರುಗುವ ಲೂಪ್ ಹೋಯಿತು.

ಅದಕ್ಕಿಂತ ದೊಡ್ಡ ಲಾಭ ನಾನು ಎಣಿಸಿರಲೇ ಇಲ್ಲ. ಮೆನುವಿನ ಮಾಹಿತಿಯನ್ನು 'ಕಾಲ್' ಆಜ್ಞೆಯ ಬೆನ್ನಿಗೇ ಇಟ್ಟಿದ್ದೆ. ರೂಟೀನನ್ನು ಕರೆಯುವ ಈ ಆಜ್ಞೆ ತನ್ನ ಮುಂದಿನ ವಿಳಾಸವನ್ನು ವಾಪಸ್ ಬರಲು ಎತ್ತಿಡುತ್ತದೆ. 'ಪಾಪ್' ಅದನ್ನು ತೆಗೆಯುತ್ತದೆ, 'ಪುಶ್' ಮತ್ತೆ ಇಡುತ್ತದೆ. ರೂಟೀನ್ ಒಳಗೆ 'ಪಾಪ್ ಡಿಇ' ಎಂದರೆ ವಾಪಸ್ ಹೋಗಬೇಕಾದ ವಿಳಾಸವೇ ಮಾಹಿತಿಯ ವಿಳಾಸವಾಗಿ ಕೈಗೆ ಬರುತ್ತದೆ. ಆದರೆ ಹಿಂದಿರುಗುವಾಗ ಮಾಹಿತಿಯನ್ನು ದಾಟಿ ಇಳಿಯಬೇಕಲ್ಲ, ಅದಕ್ಕೆ ಬೇರೆ ಲೆಕ್ಕ ಹಾಕುತ್ತಿದ್ದೆ. 8252 ಸರವನ್ನು ಮುದ್ರಿಸಿ ಮುಗಿಸಿದಾಗ ಡಿಇ ಸರಿಯಾಗಿ ಸರದ ಆಚೆ ನಿಂತಿರುತ್ತದೆ. ಅಂದರೆ ನಾನು ಇಳಿಯಬೇಕಾದ ಜಾಗದಲ್ಲೇ. 'ಪುಶ್ ಡಿಇ', 1 ಬೈಟ್, ಮುಗಿಯಿತು.

ಅಸೆಂಬಲ್ ಮಾಡಿ ಎಣಿಸಿದರೆ ಸರಿಯಾಗಿ 100. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಪಟ್ಟಿಯ ಅಗಲ ಕೋಡಿನಲ್ಲೇ 14 ಎಂದು ಕೂತಿದೆ, ಮೆನುವಿಗೆ ತಕ್ಕಂತೆ ಬದಲಾಗುವುದಿಲ್ಲ. ಚಿಕ್ಕ ಸಾಲುಗಳಿಗೆ ಖಾಲಿ ಜಾಗ ತುಂಬಿ 14 ಮಾಡಬೇಕು, ಇಲ್ಲದಿದ್ದರೆ ಎರಡನೇ ಸಲ ಮೆನು ಬಂದಾಗ ಹಳೆಯ ಪಟ್ಟಿಯ ಬಾಲ ಉಳಿದುಬಿಡುತ್ತದೆ. ಅದನ್ನು ಸರಿ ಮಾಡುವ ಮನಸ್ಸಿಲ್ಲ, 101 ಆಗಿಬಿಟ್ಟರೆ?

ಈಗ ಕವಡೆ ಬೀಳಿಸುವ ಕೋಡ್ ಬರೆಯುತ್ತಿದ್ದೇನೆ. ಸದ್ಯಕ್ಕೆ ಅದು 230 ಬೈಟ್ ಇದೆ.